ಹಂಚಿಕೆಯ ಕ್ಲಸ್ಟರ್‌ಗಳಲ್ಲಿ ಜಾಬ್ ಶೆಡ್ಯೂಲಿಂಗ್ ಮತ್ತು ಬಳಕೆಯ ನಿಯಮಗಳು

ವೇಗದ ಜಾಲದಿಂದ ಒಂದಕ್ಕೊಂದು ಜೋಡಿಸಿದ ಕಂಪ್ಯೂಟರುಗಳ ಸಮೂಹವನ್ನು ಕ್ಲಸ್ಟರ್ ಎಂದೂ ಅದರೊಳಗಿನ ಪ್ರತಿಯೊಂದು ಕಂಪ್ಯೂಟರನ್ನು ನೋಡ್ ಎಂದೂ ಕರೆಯುತ್ತಾರೆ. ನೂರಾರು ಸಂಶೋಧಕರು ಒಂದೇ ಕ್ಲಸ್ಟರನ್ನು ಬಳಸುವಾಗ ಯಾರ ಕೆಲಸ ಯಾವಾಗ, ಎಷ್ಟು ನೋಡ್‌ಗಳಲ್ಲಿ, ಎಷ್ಟು ಹೊತ್ತು ನಡೆಯಬೇಕೆಂಬುದನ್ನು ನಿರ್ಧರಿಸುವ ವ್ಯವಸ್ಥೆಯೇ ಜಾಬ್ ಶೆಡ್ಯೂಲಿಂಗ್. ನಿರ್ಧಾರವನ್ನು ಜಾರಿಗೆ ತರುವುದು ತಂತ್ರಾಂಶವಾದರೂ ಅದು ಪಾಲಿಸುವ ನಿಯಮಗಳನ್ನು ರೂಪಿಸುವವರು ಮನುಷ್ಯರೇ ಆಗಿರುವುದರಿಂದ, ಇದು ತಾಂತ್ರಿಕ ಪ್ರಶ್ನೆಯಾಗಿರುವಷ್ಟೇ ನ್ಯಾಯದ ಪ್ರಶ್ನೆಯೂ ಹೌದು.

ಬಳಕೆದಾರರು ಮೊದಲು ಪ್ರವೇಶಿಸುವ ಯಂತ್ರ ಲಾಗಿನ್ ನೋಡ್. ಅಲ್ಲಿ ಕಡತಗಳನ್ನು ಸಿದ್ಧಪಡಿಸಿಕೊಳ್ಳಬಹುದೇ ಹೊರತು ಭಾರಿ ಲೆಕ್ಕಾಚಾರ ನಡೆಸುವಂತಿಲ್ಲ. ಒಬ್ಬರ ದೊಡ್ಡ ಪ್ರೋಗ್ರಾಂ ಅಲ್ಲಿಯೇ ಓಡತೊಡಗಿದರೆ ಉಳಿದವರಿಗೆ ಕಡತ ತೆರೆಯುವುದೂ ಕಷ್ಟವಾಗುತ್ತದೆ. ಬೇಕಾದ ನೋಡ್, ಮೆಮೊರಿ, ಜಿಪಿಯು ಮತ್ತು ಗರಿಷ್ಠ ಅವಧಿಯನ್ನು ನಮೂದಿಸಿದ ಸ್ಕ್ರಿಪ್ಟನ್ನು ಸಲ್ಲಿಸಿದಾಗ ಅದು ಜಾಬ್ ಆಗಿ ಸರದಿಯನ್ನು ಸೇರುತ್ತದೆ. ಈ ಸರದಿಯನ್ನು ನಿರ್ವಹಿಸಲು 1990ರ ದಶಕದಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ ಪಿಬಿಎಸ್ ರೂಪುಗೊಂಡರೆ, ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಸ್ಲರ್ಮ್ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹುಟ್ಟಿ 2002ರಲ್ಲಿ ಬಿಡುಗಡೆಯಾಯಿತು.

ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ಸರಳ ನಿಯಮ ನ್ಯಾಯವಾಗಿ ಕಂಡರೂ ಯಂತ್ರವನ್ನು ಖಾಲಿ ಕೂರಿಸುತ್ತದೆ. 100 ನೋಡ್‌ಗಳ ಕ್ಲಸ್ಟರಿನಲ್ಲಿ 60 ನೋಡ್‌ಗಳು ಇನ್ನು ನಾಲ್ಕು ಗಂಟೆ ಕಾಲ ಕೆಲಸದಲ್ಲಿದ್ದು, ಸರದಿಯ ತಲೆಯಲ್ಲಿರುವ ಜಾಬ್ 80 ನೋಡ್‌ಗಳನ್ನು ಕೇಳಿದ್ದರೆ, ಉಳಿದ 40 ನೋಡ್‌ಗಳು ಅಷ್ಟೂ ಹೊತ್ತು ವ್ಯರ್ಥವಾಗುತ್ತವೆ. ಹಿಂದೆ ನಿಂತಿರುವ, 30 ನೋಡ್ ಬೇಡುವ, ಮೂರು ಗಂಟೆಯಲ್ಲಿ ಮುಗಿಯುವ ಜಾಬನ್ನು ಈ ನಡುವೆ ನಡೆಸಿದರೆ ಮುಂದಿನವರಿಗೆ ಒಂದು ನಿಮಿಷವೂ ತಡವಾಗುವುದಿಲ್ಲ; ಅದೇ ಜಾಬ್ ಆರು ಗಂಟೆ ಬೇಡಿದರೆ ಕಾಯಲೇಬೇಕು. ಬ್ಯಾಕ್‌ಫಿಲ್ ಎಂದು ಹೆಸರಾದ ಈ ವಿಧಾನವನ್ನು ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಡೇವಿಡ್ ಲಿಫ್ಕಾ 1995ರಲ್ಲಿ ಐಬಿಎಂ ಎಸ್‌ಪಿ ಯಂತ್ರದ ಶೆಡ್ಯೂಲರ್ ಕುರಿತ ಪ್ರಬಂಧದಲ್ಲಿ ವಿವರಿಸಿದರು. ಇದರ ಯಶಸ್ಸು ನಿಂತಿರುವುದು ಬಳಕೆದಾರರು ಬರೆಯುವ ಅವಧಿಯ ಅಂದಾಜಿನ ಮೇಲೆ. ಅವಧಿ ಮೀರಿದ ಜಾಬನ್ನು ಶೆಡ್ಯೂಲರ್ ನಿಲ್ಲಿಸಿಬಿಡುವುದರಿಂದ, ಹೆದರಿ ಎಲ್ಲರೂ ಹೆಚ್ಚೇ ಬರೆಯುತ್ತಾರೆ. ಹಾಗೆ ಬರೆದಷ್ಟೂ ಸಣ್ಣ ತೆರಪುಗಳಲ್ಲಿ ತಮ್ಮ ಜಾಬ್ ಹೊಗುವ ಅವಕಾಶವನ್ನು ತಾವೇ ಕಳೆದುಕೊಳ್ಳುತ್ತಾರೆ.

ಹಂಚಿಕೆಯ ನ್ಯಾಯವನ್ನು ಲೆಕ್ಕಕ್ಕೆ ಇಳಿಸಿದ್ದು ಫೇರ್‌ಶೇರ್ ಪದ್ಧತಿ; ಸಿಡ್ನಿ ವಿಶ್ವವಿದ್ಯಾಲಯದ ಜೂಡಿ ಕೇ ಮತ್ತು ಪಿಯರ್ಸ್ ಲಾಡರ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ತಳಪಾಯ ಹಾಕಿತು. ಪ್ರತಿ ಗುಂಪಿಗೂ ಒಂದು ಪಾಲನ್ನು ಗೊತ್ತುಮಾಡಿ, ಈಗಾಗಲೇ ಹೆಚ್ಚು ಬಳಸಿದವರ ಆದ್ಯತೆಯನ್ನು ಇಳಿಸುವುದು ಇದರ ತಿರುಳು. ಸ್ಲರ್ಮ್‌ನ ಮೂಲ ಸೂತ್ರದಂತೆ ಏನನ್ನೂ ಬಳಸದವರ ಅಂಕ 1, ಪಾಲಿನಷ್ಟೇ ಬಳಸಿದವರದು 0.5, ಅದರ ಎರಡರಷ್ಟು ಬಳಸಿದವರದು 0.25. ಹಳೆಯ ಬಳಕೆ ಕಾಲಕ್ರಮದಲ್ಲಿ ಮಾಸುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಏಳು ದಿನಕ್ಕೊಮ್ಮೆ ಅದರ ತೂಕ ಅರ್ಧವಾಗುತ್ತದೆ. ಈ ಅವಧಿಯನ್ನು ಎಷ್ಟಿಡಬೇಕೆಂಬುದು ಸಣ್ಣ ಸಂಗತಿಯಲ್ಲ: ತೀರಾ ಕಡಿಮೆಯಾದರೆ ಸದಾ ಜಾಬ್ ಸುರಿಯುವವರಿಗೆ ಲಾಭ, ಹೆಚ್ಚಾದರೆ ಅಪರೂಪಕ್ಕೊಮ್ಮೆ ದೊಡ್ಡ ಲೆಕ್ಕ ಮಾಡುವವರು ತಿಂಗಳುಗಟ್ಟಲೆ ದಂಡ ತೆರಬೇಕು.

ಉಳಿದ ನಿಯಮಗಳು ಹೆಚ್ಚು ಸರಳ. ನೋಡ್‌ಗಳನ್ನು ಪಾರ್ಟಿಷನ್‌ಗಳಾಗಿ ವಿಂಗಡಿಸಿ ಒಂದೊಂದಕ್ಕೂ ಕಾಲಮಿತಿ ಇಡುತ್ತಾರೆ. ಪರೀಕ್ಷಾರ್ಥ ಜಾಬ್‌ಗಳಿಗೆ ಕಿರು ಅವಧಿಯ ಪ್ರತ್ಯೇಕ ಪಾರ್ಟಿಷನ್ ಇದ್ದರೆ ಹೊಸ ವಿದ್ಯಾರ್ಥಿ ಒಂದು ಅಕ್ಷರದ ತಪ್ಪನ್ನು ಕಂಡುಕೊಳ್ಳಲು ದಿನವಿಡೀ ಕಾಯಬೇಕಾಗಿಲ್ಲ. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ಯಾರಂಭಿಸಿದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದಂಥ ಸಾರ್ವಜನಿಕ ಹಣದ ಯಂತ್ರಗಳಲ್ಲಿ ಇಂಥ ನಿಯಮಗಳು ಬಹಿರಂಗವಾಗಿರುವುದು ಅತ್ಯಗತ್ಯ. ಸ್ವಂತ ಅನುದಾನದಿಂದ ನೋಡ್ ಕೊಂಡು ಸೇರಿಸಿದ ಗುಂಪಿಗೆ ಆ ನೋಡ್‌ಗಳ ಮೇಲೆ ಮೊದಲ ಹಕ್ಕು ಕೊಡುವ ಏರ್ಪಾಡೂ ಕೆಲವೆಡೆ ಇದ್ದು, ಅಲ್ಲಿ ಇತರರ ಜಾಬ್‌ಗಳು ಖಾಲಿ ಸಮಯದಲ್ಲಿ ನಡೆದು, ಒಡೆಯರ ಜಾಬ್ ಬಂದೊಡನೆ ಸ್ಥಗಿತಗೊಳ್ಳುತ್ತವೆ. ಆದ್ದರಿಂದ ಅಂಥ ನೋಡ್‌ಗಳನ್ನು ಬಳಸುವವರು ತಮ್ಮ ಲೆಕ್ಕದ ಸ್ಥಿತಿಯನ್ನು ಆಗಾಗ ಡಿಸ್ಕಿಗೆ ಉಳಿಸಿಕೊಂಡು, ನಿಂತಲ್ಲಿಂದಲೇ ಮುಂದುವರಿಯುವಂತೆ ಪ್ರೋಗ್ರಾಂ ಬರೆದಿರಬೇಕಾಗುತ್ತದೆ.