ಹೈದರಾಬಾದ್ ರೆಜಿಮೆಂಟಿನ ಎರಡು ಪಲ್ಟನ್ನುಗಳು: ಸೋಲು, ಶಿಸ್ತು, ದಂಡನಾಯಕತ್ವ

ಅತನೂರ, ಆಳಂದ, ಜೇವರ್ಗಿಗಳು ಇನ್ನೂ ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಆ ಸಂಸ್ಥಾನದ ಹೆಸರು ಹೊತ್ತ ಪಲ್ಟನ್ನುಗಳು ಮಲಯ ಮತ್ತು ಬರ್ಮಾದಲ್ಲಿ ಜಪಾನೀಯರೊಡನೆ ಕಾದಾಡಿದವು. 19ನೇ ಹೈದರಾಬಾದ್ ರೆಜಿಮೆಂಟಿನ ಬೇರು ನಿಜಾಮರ ಖರ್ಚಿನಲ್ಲಿ ಬ್ರಿಟಿಷರು ಸಾಕಿದ ಕಂಟಿಂಜೆಂಟಿನಲ್ಲಿದೆ. ಲಿಂಗಸುಗೂರು ಒಂದು ಕಾಲಕ್ಕೆ ಆ ಸೈನ್ಯದ ದಂಡಿನ ಠಾಣೆ. ಆದರೆ ಎರಡನೇ ಮಹಾಯುದ್ಧದ ಹೊತ್ತಿಗೆ ಅದರ ಸಿಪಾಯಿಗಳು ಬಹುತೇಕ ಕುಮಾವೂನಿಗಳು, ಜಾಟರು, ಅಹಿರರು. ಇಲ್ಲಿನದಾಗಿ ಉಳಿದದ್ದು ಹೆಸರಷ್ಟೇ.

ಈ ರೆಜಿಮೆಂಟಿನ 4ನೇ ಪಲ್ಟನ್ 1940ರಲ್ಲಿ ಸಿಂಗಪುರದಲ್ಲಿತ್ತು. ಜಹೀರುದ್ದೀನ್ ಎಂಬ ಭಾರತೀಯ ಅಧಿಕಾರಿಯನ್ನು ಊರಿಗೆ ವಾಪಸ್ ಕಳಿಸಲು ಆಜ್ಞೆಯಾದಾಗ ಅಹಿರರ ತುಕಡಿ ತಿರುಗಿಬಿತ್ತು. ಅವನ ರಾಜಕೀಯ ಅಭಿಪ್ರಾಯಗಳ ಜೊತೆಗೆ ಯುರೋಪಿಯನ್ ಮಹಿಳೆಯೊಬ್ಬಳೊಡನೆ ಅವನಿಗಿದ್ದ ಸಂಬಂಧವೂ ಮೇಲಧಿಕಾರಿಗಳ ಕಣ್ಣು ಕುಕ್ಕಿತ್ತು. ದಂಗೆ ಬೇಗ ಅಡಗಿತು. ಅದು ತೆರೆದಿಟ್ಟ ಬಿರುಕು ಮಾತ್ರ ಕಾಗದಪತ್ರಗಳಿಂದ ಮುಚ್ಚುವಂಥದ್ದಾಗಿರಲಿಲ್ಲ.

1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯಕ್ಕೆ ಇಳಿದರು. ವಾರಗಟ್ಟಲೆ ಹಿಮ್ಮೆಟ್ಟುತ್ತ, ತಲೆಯ ಮೇಲೆ ವಿಮಾನಗಳು, ಕಣ್ಣಿಗೆ ನಿದ್ದೆಯಿಲ್ಲ ಎಂಬ ಸ್ಥಿತಿಯಲ್ಲಿ 4ನೇ ಪಲ್ಟನ್ ಸ್ಲಿಮ್ ನದಿಯ ರಸ್ತೆ ಕಾಯಲು ನಿಂತಿತು. 1942ರ ಜನವರಿ 7ರ ನಸುಕಿನಲ್ಲಿ ಟ್ಯಾಂಕುಗಳು ಮೊದಲು ನುಗ್ಗಿದ್ದು ಇದರ ಮೇಲೆಯೇ. ಕೆಲವೇ ಗಂಟೆಗಳಲ್ಲಿ ಪಲ್ಟನ್ ಸೇರಿದ್ದ ಬ್ರಿಗೇಡೇ ಚದುರಿಹೋಯಿತು. ಫಿರಂಗಿಗಳನ್ನು ಟ್ಯಾಂಕುಗಳ ವಿರುದ್ಧ ಬಳಸದಿದ್ದುದು ತನ್ನ ತಪ್ಪೆಂದು ಬ್ರಿಗೇಡ್ ದಂಡನಾಯಕ ಇಯಾನ್ ಸ್ಟೀವರ್ಟ್ ಆಮೇಲೆ ಒಪ್ಪಿಕೊಂಡ. ಸೋತ ಸಿಪಾಯಿಗಳನ್ನೇ ಶಿಸ್ತಿಲ್ಲದವರೆಂದು ದೂರುವ ಚರಿತ್ರೆಕಾರರು ಈ ಒಪ್ಪಿಗೆಯನ್ನು ಇನ್ನೊಮ್ಮೆ ಓದಬೇಕು.

ಇನ್ನು 8ನೇ ಪಲ್ಟನ್. 1945ರ ಜನವರಿಯಲ್ಲಿ ಬರ್ಮಾದ ಅರಾಕಾನಿನ ಕಂಗಾವ್ ಕಾಳಗದಲ್ಲಿ ಅದರ ಚುಕ್ಕಾಣಿ ಹಿಡಿದಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡವ, ಲೆಫ್ಟಿನೆಂಟ್ ಕರ್ನಲ್ ಕೆ. ಎಸ್. ತಿಮ್ಮಯ್ಯ. ಯುದ್ಧದ ಆರಂಭಕ್ಕೆ ಅವರೂ 4ನೇ ಪಲ್ಟನ್ನಿನ ಅಧಿಕಾರಿಯೇ. 8ನೇ ಪಲ್ಟನ್ ಇದ್ದ ಬ್ರಿಗೇಡಿನ ಮೂರೂ ಪಲ್ಟನ್ನುಗಳಿಗೆ ಭಾರತೀಯರೇ ಮುಖಂಡರು: ತಿಮ್ಮಯ್ಯ, ಥೋರಟ್, ಸೇನ್. ಮೂವರಿಗೂ ಡಿ.ಎಸ್.ಒ. ಪದಕ ಬಂತು. ಅದೇ ರೆಜಿಮೆಂಟು, ಅವೇ ಜಾತಿಗಳ ಸಿಪಾಯಿಗಳು. ಫಲ ಮಾತ್ರ ಬೇರೆ: ಇಲ್ಲಿ ಗೆಲುವು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಂಗಾವ್‌ನಲ್ಲಿ ವಿಮಾನಬಲ, ನೌಕಾಬಲ, ಫಿರಂಗಿಗಳೆಲ್ಲ ಬ್ರಿಟಿಷರ ಪಾಲಿಗಿದ್ದವು. ಸ್ಲಿಮ್ ನದಿಯಲ್ಲಿ ಟ್ಯಾಂಕಿಗೆ ಟ್ಯಾಂಕು ಒಡ್ಡುವ ಮಾತೇ ಇರಲಿಲ್ಲ. ಗೆಲುವನ್ನೆಲ್ಲ ನಾಯಕನ ಗುಣಕ್ಕೆ ಬರೆದುಕೊಡುವುದು ಚರಿತ್ರೆಯಲ್ಲ, ಬಿರುದಾವಳಿ. ನಾಯಕತ್ವದ ಗುರುತು ಹುಡುಕಬೇಕಾದದ್ದು ಗೆದ್ದ ಗುಡ್ಡಗಳಿಗಿಂತ ಸಣ್ಣ ಪ್ರಸಂಗಗಳಲ್ಲಿ.

ಅಂಥದೊಂದು ಪ್ರಸಂಗ ಹಲವು ಕಡೆ ದಾಖಲಾಗಿದೆ. ಅರಾಕಾನಿನಲ್ಲಿ ತರುಣ ಅಧಿಕಾರಿ ಸೋಮನಾಥ ಶರ್ಮ ಗಾಯಗೊಂಡ ತನ್ನ ಆರ್ಡರ್ಲಿಯನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತ ಹಿಂದೆ ಬಿದ್ದಿದ್ದ. ಅವನನ್ನು ಬಿಟ್ಟು ಮುಂದೆ ಬಾ ಎಂದರು ತಿಮ್ಮಯ್ಯ. ಶರ್ಮ ಒಪ್ಪಲಿಲ್ಲ, ಹೊತ್ತುಕೊಂಡೇ ಬಂದ. ಸಿಂಗಪುರದ ಲೆಕ್ಕದಲ್ಲಿ ಇದೂ ಆಜ್ಞೋಲ್ಲಂಘನೆಯೇ. ಆದರೆ ಕೈಕೆಳಗಿನವನ ಹೊಣೆ ಹೊರುವುದಕ್ಕಾಗಿ ಮೀರಿದ ಆಜ್ಞೆ ಪಲ್ಟನ್ನನ್ನು ಸಡಿಲಗೊಳಿಸಲಿಲ್ಲ, ಬಿಗಿಗೊಳಿಸಿತು ಎನ್ನಲು ಮುಂದಿನ ಘಟನೆಯೇ ಆಧಾರ.

1945ರಲ್ಲಿ ರೆಜಿಮೆಂಟಿಗೆ ಕುಮಾವೂನ್ ಎಂಬ ಹೆಸರು ಬಂತು. ಹಳೆಯ 8ನೇ ಪಲ್ಟನ್ನು 4 ಕುಮಾವೂನ್ ಆಯಿತು. 1947ರ ನವೆಂಬರ್ 3ರಂದು ಶ್ರೀನಗರದ ವಿಮಾನ ನಿಲ್ದಾಣ ಕಾಪಾಡಲು ಅದರ ಒಂದು ತುಕಡಿ ಬಡಗಾಮ್‌ನಲ್ಲಿ ನಿಂತಾಗ ಕಾಶ್ಮೀರಕ್ಕೆ ನುಗ್ಗಿದ್ದ ದಾಳಿಕೋರರ ಸಂಖ್ಯೆ ಹಲವು ಪಟ್ಟು. ತುಕಡಿಯ ಮುಖ್ಯಸ್ಥ ಮೇಜರ್ ಶರ್ಮನ ಎಡಗೈಗೆ ಪ್ಲಾಸ್ಟರ್ ಹಾಕಿತ್ತು. ಬಂದೂಕು ಹಿಡಿಯಲಾರದ ಆತ ಸಿಪಾಯಿಗಳಿಗೆ ಮ್ಯಾಗಜೀನ್ ತುಂಬಿ ಕೊಡುತ್ತ ಓಡಾಡಿದ. ಮಾರ್ಟರ್ ಗುಂಡೊಂದು ಮದ್ದಿನ ರಾಶಿಯ ಬಳಿ ಸಿಡಿದು ಸತ್ತ. ತುಕಡಿ ಜಾಗ ಬಿಡದೆ ಕಾದಿದ ಹೊತ್ತಿನಲ್ಲಿ ಶ್ರೀನಗರಕ್ಕೆ ಹೆಚ್ಚಿನ ಪಡೆಗಳು ಬಂದಿಳಿಯಲು ಅವಕಾಶವಾಯಿತು. ದೇಶದ ಮೊದಲ ಪರಮವೀರ ಚಕ್ರ ಶರ್ಮನದಾಯಿತು.