ಹೆಳವರ ಹೊತ್ತಗೆಯಿಂದ ದತ್ತಿ ಉಪನ್ಯಾಸದವರೆಗೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದಿನವರ ಕಥೆ ಹೇಳುವ ಕೆಲಸ ಬಹುಕಾಲ ಹೆಳವರದಾಗಿತ್ತು. ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಹೆಳವ ಎತ್ತಿನ ಮೇಲೆ ಕುಳಿತು, ಕಾಲು ಕಾಣದಂತೆ ಬಟ್ಟೆ ಹೊದ್ದು, ಗಂಟೆ ಬಾರಿಸುತ್ತ ಊರಿಗೆ ಬರುತ್ತಿದ್ದ. ಒಂದೊಂದು ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷ ಯಾರು, ಮೊದಲು ಯಾವ ಊರಲ್ಲಿದ್ದರು, ಬರಕ್ಕೋ ಜಗಳಕ್ಕೋ ಅದನ್ನು ಬಿಟ್ಟು ಇಲ್ಲಿಗೆ ಹೇಗೆ ಬಂದರು ಎಂಬುದನ್ನು ಹಾಡಿನ ಧಾಟಿಯಲ್ಲಿ ಒಪ್ಪಿಸುತ್ತಿದ್ದ. ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ತನ್ನ ಹೊತ್ತಗೆಗೆ ಸೇರಿಸಿಕೊಳ್ಳುತ್ತಿದ್ದ. ಕೂಲಿಯಾಗಿ ಕಾಳು, ಬಟ್ಟೆ, ಹಿತ್ತಾಳೆ ಪಾತ್ರೆ, ಉಳ್ಳವರ ಮನೆಯಲ್ಲಿ ಕರುವೂ ಸಿಗುತ್ತಿತ್ತು. ಯಾವ ಮನೆತನಗಳ ವಂಶ ಯಾವ ಹೆಳವರ ಪಾಲಿನದೆಂಬುದು ಮೊದಲೇ ಹಂಚಿಹೋಗಿತ್ತು. ಈ ಚರಿತ್ರೆಗೆ ಊರೆಂದರೆ ಮನೆಗಳ ಮೊತ್ತ; ಕೇಳುವವರೂ ಆ ಮನೆಯವರೇ.

ಊರನ್ನು ಇಡಿಯಾಗಿ ಕಂಡ ಬರಹ ಕೈಫಿಯತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ಬಂದ ಕಾಲಿನ್ ಮೆಕೆಂಜಿ, ತನ್ನ ಸಹಾಯಕರನ್ನು ಊರೂರಿಗೆ ಕಳಿಸಿ ಸ್ಥಳಪುರಾಣ, ಪಾಳೆಯಗಾರರ ವೃತ್ತಾಂತ, ದೇವಸ್ಥಾನದ ಉಂಬಳಿ, ಕಂದಾಯದ ವಿವರಗಳನ್ನು ಬರೆಸಿ ತರಿಸಿದ. ಹೇಳಿದವರು ಊರಿನ ಹಿರಿಯರು, ಶಾನುಭೋಗರು. ಕಂಪನಿ ಸರ್ಕಾರದ ಕೈಗೆ ಬರೆದುಕೊಡುವ ಹೇಳಿಕೆಯಲ್ಲಿ ಹಳೆಯ ಹಕ್ಕುಗಳ ಪ್ರಸ್ತಾಪ ತುಸು ಜೋರಾಗಿಯೇ ಬಂದಿದ್ದರೆ ಆಶ್ಚರ್ಯವಿಲ್ಲ. ಈ ಕಾಗದಗಳು ಗ್ರಂಥಭಂಡಾರ ಸೇರಿದವು. ಬರೆಸಿದ ಊರಿನವರಿಗೆ ಅವು ಓದಲು ಸಿಕ್ಕಲಿಲ್ಲ. ಕನ್ನಡ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸುವ ಹೊತ್ತಿಗೆ ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದಿತ್ತು.

ಊರಿನ ಕಥೆ ಮನೆಯ ಅಂಗಳದಿಂದಲೂ ಸರ್ಕಾರದ ದಫ್ತರದಿಂದಲೂ ಹೊರಬಂದು ಸಭೆಯ ಮಾತಾದದ್ದು ಧಾರವಾಡದಲ್ಲಿ. ಪೇಶ್ವೆ ಆಳ್ವಿಕೆ ಮುಗಿದ ಮೇಲೆ ಈ ಭಾಗ ಬ್ರಿಟಿಷರ ಕೈಸೇರಿ, ಮುಂದೆ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿಯಲ್ಲಿ, ಶಾಲೆಯಲ್ಲಿ, ನಾಟಕದ ರಂಗದ ಮೇಲೆ ಮರಾಠಿಯದೇ ಮೇಲುಗೈ. ಇಂಥ ಊರಲ್ಲಿ 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಸಂಘದ ಮೊದಲ ಚಿಂತೆ ಚರಿತ್ರೆಯಲ್ಲ, ಪುಸ್ತಕ: ಕನ್ನಡದಲ್ಲಿ ಓದಲು ಏನಾದರೂ ಇರಬೇಕು, ಬರೆದವರಿಗೆ ನಾಲ್ಕು ಕಾಸು ಸಿಗಬೇಕು. ಚರಿತ್ರೆ ಹಿಂದೆಯೇ ಬಂತು.

ಅದನ್ನು ತಂದವರು ಆಲೂರು ವೆಂಕಟರಾಯರು. 1880ರಲ್ಲಿ ವಿಜಾಪುರದಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ತಿಲಕರ ಪ್ರಭಾವಕ್ಕೆ ಒಳಗಾಗಿ ಬಂದ ವಕೀಲರು. ಮರಾಠರು ತಮ್ಮ ಚರಿತ್ರೆಯನ್ನು ಹೇಗೆ ಬಳಸಿಕೊಳ್ಳುತ್ತಿದ್ದಾರೆಂಬುದನ್ನು ಅವರು ಪುಣೆಯಲ್ಲಿ ಕಣ್ಣಾರೆ ಕಂಡಿದ್ದರು. 1905ರಲ್ಲಿ ಹಂಪಿಯ ಹಾಳು ಕಂಡಾಗ ತಮ್ಮ ಬದುಕಿನ ದಿಕ್ಕು ತಿರುಗಿತೆಂದು ಅವರೇ ನೆನೆದಿದ್ದಾರೆ. ಆಗ ಕರ್ನಾಟಕದ ಚರಿತ್ರೆ ಓದಬೇಕೆಂದರೆ ಇಂಗ್ಲಿಷೇ ಗತಿ. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಫ್ಲೀಟ್‌ನ ಗ್ರಂಥ 1882ರದು. ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದ ಸೀವೆಲ್‌ನ ಪುಸ್ತಕ 1900ರದು. ಶಾಸನ ಸಿಕ್ಕಿದ್ದು ತಮ್ಮೂರಿನ ಗುಡಿಯಲ್ಲಿ, ಅದರ ಅರ್ಥ ಅಚ್ಚಾದದ್ದು ಮುಂಬಯಿಯಲ್ಲೋ ಲಂಡನ್ನಿನಲ್ಲೋ. ಈ ಅಂತರವನ್ನು ತುಂಬಲು ಆಲೂರರು ಪತ್ರಿಕೆಯಲ್ಲಿ ಬರೆದರು, ಊರೂರು ತಿರುಗಿ ಭಾಷಣ ಮಾಡಿದರು, 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಮಂಡಳ ಕಟ್ಟಿದರು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂತು. ಇಂದು ಅದನ್ನು ಓದಿದರೆ ಸಂಶೋಧನೆಗಿಂತ ಹುರುಪು ಹೆಚ್ಚೆನಿಸುತ್ತದೆ. ಆದರೆ ಹುರುಪನ್ನು ಹುಟ್ಟಿಸುವುದಕ್ಕಾಗಿಯೇ ಅದನ್ನು ಬರೆದದ್ದು; ಸಭೆಯಲ್ಲಿ ನಿಂತು ಮಾತಾಡಿ ಪಳಗಿದ ದನಿ ಆ ಪುಸ್ತಕದುದ್ದಕ್ಕೂ ಕೇಳುತ್ತದೆ.

ಭಾಷಣ ಹಬ್ಬವಾದದ್ದು ಮುಂದಿನ ಹಂತ. 1922ರಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕೂಡಿಕೊಂಡಿತು. 1926ರಲ್ಲಿ ಬೇಂದ್ರೆ ನವರಾತ್ರಿಯ ದಿನಗಳಲ್ಲಿ ನಾಡಹಬ್ಬ ಆರಂಭಿಸಿದರು. ಮನೆಯೊಳಗಿನ ದೇವಿಯ ಪೂಜೆಗೆ ಜೊತೆಯಾಗಿ ನಾಡದೇವಿಯ ಹೆಸರಲ್ಲಿ ಊರಿನವರು ಸೇರುವುದು, ಉಪನ್ಯಾಸ ಕೇಳುವುದು ರೂಢಿಗೆ ಬಂತು. ಮಹಾರಾಷ್ಟ್ರದಲ್ಲಿ ಗಣೇಶೋತ್ಸವ ಮಾಡಿದ ಕೆಲಸವನ್ನು ಇಲ್ಲಿ ನವರಾತ್ರಿ ಮಾಡಿತೆನ್ನಬಹುದು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಸ್ಮಾರಕ ಸಂಪುಟ ಧಾರವಾಡದಿಂದಲೇ ಪ್ರಕಟವಾಯಿತು.

ಇಷ್ಟರಲ್ಲಿ ಹೆಳವರ ಮನೆಯ ಕಥೆ ಹೋಗಿ ಸಾಮ್ರಾಜ್ಯಗಳ ಕಥೆ ಬಂದಿತ್ತು. ನಡುವೆ ಊರು ಮಾತ್ರ ತಪ್ಪಿಹೋಗಿತ್ತು. ಅದನ್ನು ಮತ್ತೆ ಹಿಡಿದವರು ಶಂ.ಬಾ. ಜೋಶಿ. ವೃತ್ತಿಯಿಂದ ಶಾಲಾ ಮಾಸ್ತರರು. ರಾಜರ ಪಟ್ಟಿಗಿಂತ ಊರಿನ ಹೆಸರೇ ಹಳೆಯ ಸಾಕ್ಷಿಯೆಂಬುದು ಅವರ ನಂಬಿಕೆ. ಆಳುವವರು ಬದಲಾದರು, ಆಡುವ ನುಡಿಯೂ ಎಷ್ಟೋ ಕಡೆ ಬದಲಾಯಿತು, ಆದರೆ ಹಟ್ಟಿ, ಹಳ್ಳಿ ಎಂಬ ಮಾತುಗಳು ಹೆಸರಿನ ಬಾಲದಲ್ಲಿ ಉಳಿದವು. ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಅವರ ಪುಸ್ತಕದ ಹೆಸರಲ್ಲೇ ಈ ವಾದವಿದೆ. ಅವರ ಕೆಲವು ನಿಷ್ಪತ್ತಿಗಳನ್ನು ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ಆದರೂ ಕೇಳುವವನಿಗೆ ತನ್ನ ಊರ ಹೆಸರೇ ಚರಿತ್ರೆಯ ಪುಟವಾಗಬಹುದೆಂಬ ರುಚಿ ಹತ್ತಿಸಿದವರು ಅವರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾದ ಮೇಲೆ ಶಾಸನಗಳ ಓದು ಕಸುಬುದಾರರ ಕೈಗೆ ಬಂತು.

ಊರಿನ ಹೆಮ್ಮೆಗೂ ಶಾಸನದ ಸಾಕ್ಷಿಗೂ ಇರುವ ನಂಟಿಗೆ ಅಣ್ಣಿಗೇರಿ ಒಳ್ಳೆಯ ಉದಾಹರಣೆ. ಪಂಪ ತಮ್ಮವನೆಂದು ಊರವರು ಹೇಳಿಕೊಳ್ಳುತ್ತಾರೆ. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರಿಕ್ಯಾಲದಲ್ಲಿ ಹಾಕಿಸಿದ ಶಾಸನ, ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳುತ್ತದೆ. ಅಂದರೆ ತಾಯಿಯ ಕಡೆಯ ನಂಟು ಖಚಿತ. ಹುಟ್ಟಿದ ಊರೆಂಬುದು ಅದರ ಮೇಲೆ ಕಟ್ಟಿದ ಊಹೆ. ಗದುಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಭಾರತ ಬರೆದನೆಂದು ತೋರಿಸುವ ಕಂಬಕ್ಕೆ ಬೆನ್ನಾಗಿ ನಿಂತಿರುವುದು ಐತಿಹ್ಯ ಮಾತ್ರ. ಒಳ್ಳೆಯ ಉಪನ್ಯಾಸಕ ಈ ಎರಡನ್ನೂ ಹೇಳುತ್ತಾನೆ, ಎರಡಕ್ಕೂ ಒಂದೇ ತೂಕ ಕೊಡುವುದಿಲ್ಲ.

ಇಂಥ ಮಾತುಗಳಿಗೆ ಇಂದು ಆಸರೆಯಾಗಿರುವುದು ದತ್ತಿ. ತಂದೆ, ತಾಯಿ ಅಥವಾ ಗುರುವಿನ ಹೆಸರಲ್ಲಿ ಯಾರಾದರೂ ಸಂಘಕ್ಕೆ ಒಂದು ಮೊತ್ತ ಕೊಡುತ್ತಾರೆ. ಸಂಘ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತದೆ. ಅಸಲನ್ನು ಮುಟ್ಟುವಂತಿಲ್ಲ; ವರ್ಷದ ಬಡ್ಡಿಯಲ್ಲಿ ಉಪನ್ಯಾಸಕರ ಸಂಭಾವನೆ, ಹಾರ, ಶಾಲು, ಚಹಾ ಎಲ್ಲ ಆಗಬೇಕು. ವಿದ್ಯಾವರ್ಧಕ ಸಂಘದಲ್ಲೂ ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ, ತಾಲೂಕು ಘಟಕಗಳಲ್ಲೂ ನಡೆಯುವ ಅನೇಕ ಕಾರ್ಯಕ್ರಮಗಳು ಹೀಗೆಯೇ ಸಾಗುತ್ತವೆ. ನಿವೃತ್ತ ಮಾಸ್ತರರೊಬ್ಬರು ತಮ್ಮೂರಿನ ಕೆರೆ, ಕೋಟೆ, ವೀರಗಲ್ಲುಗಳ ಬಗ್ಗೆ ಬರೆದ ಪುಸ್ತಕಕ್ಕೆ ಮೊದಲ ಓದುಗರು ಸಿಗುವುದು ಬಹುಪಾಲು ಇಲ್ಲಿ. ದತ್ತಿ ಕೊಟ್ಟ ಮನೆಯವರು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ, ಮಾತು ಆರಂಭವಾಗುವ ಮುಂಚೆ ದತ್ತಿಯ ಮೂಲಪುರುಷನ ಪರಿಚಯ ನಡೆಯುತ್ತದೆ. ಹೆಳವ ಬಾಗಿಲಲ್ಲಿ ನಿಂತು ಮಾಡುತ್ತಿದ್ದ ಕೆಲಸದ ಒಂದು ತುಣುಕು ಹೀಗೆ ವೇದಿಕೆಗೆ ಹತ್ತಿದೆ. ಕರ್ನಾಟಕ ವಿಶ್ವವಿದ್ಯಾಲಯದ ‘ಉಪನ್ಯಾಸ ಗ್ರಂಥಮಾಲೆ’ಯಂಥ ಕಿರುಹೊತ್ತಗೆಗಳು ಕೆಲವು ಮಾತುಗಳನ್ನು ಅಚ್ಚಿನಲ್ಲಿ ಉಳಿಸಿವೆ; ಉಳಿದವು ಕೇಳಿದವರ ನೆನಪಿನಲ್ಲಷ್ಟೇ ಇವೆ. ಹಳೆಯ ದತ್ತಿಗಳ ಅಸಲು ಇದ್ದಷ್ಟೇ ಇದ್ದು ಖರ್ಚು ಏರುತ್ತಿರುವುದರಿಂದ, ನಾಲ್ಕಾರು ದತ್ತಿಗಳನ್ನು ಒಂದೇ ಸಂಜೆಗೆ ಕೂಡಿಸುವುದೂ ಉಂಟು. ಆಗ ಒಬ್ಬೊಬ್ಬರ ಪಾಲಿಗೆ ಬರುವುದು ಅರ್ಧ ಗಂಟೆ.