ಪರದೆಯಡಿಯ ಬೆರಳಚ್ಚು ಸಂವೇದಕಗಳು: ಎರಡು ಬಗೆಗಳ ಹೋಲಿಕೆ

ಸ್ಮಾರ್ಟ್‌ಫೋನಿನ ಪರದೆ ಅಂಚಿನಿಂದ ಅಂಚಿಗೆ ಹರಡಿಕೊಂಡಾಗ ಬೆರಳಚ್ಚಿನ ಗುಂಡಿಗೆ ಮುಂಭಾಗದಲ್ಲಿ ಸ್ಥಳ ಉಳಿಯಲಿಲ್ಲ. ಆಗ ಸಂವೇದಕವು ಪರದೆಯ ಅಡಿಗೆ ಸರಿಯಿತು. 2018ರ ಜನವರಿಯಲ್ಲಿ ಇಂತಹ ಫೋನನ್ನು ಮೊದಲಿಗೆ ಹೊರತಂದದ್ದು ವಿವೋ ಸಂಸ್ಥೆ. ಇಂದು ಬ್ಯಾಂಕಿನ ವ್ಯವಹಾರವೂ ಬೆರಳಚ್ಚಿನಿಂದಲೇ ನಡೆಯುವುದರಿಂದ, ಈ ಸಂವೇದಕಗಳ ಬಗೆಗಳನ್ನು ಅರಿತಿರುವುದು ಒಳಿತು.

ಆಪ್ಟಿಕಲ್ ಸಂವೇದಕ

ಬೆರಳಿಟ್ಟ ಭಾಗವನ್ನು ಪರದೆಯು ಪ್ರಖರವಾಗಿ ಬೆಳಗುತ್ತದೆ. ಬೆರಳಿನಿಂದ ಪ್ರತಿಫಲಿಸಿದ ಬೆಳಕು ಓಎಲ್ಇಡಿ ಪರದೆಯ ಬಿಂದುಗಳ ನಡುವಣ ಸಂದುಗಳಲ್ಲಿ ಇಳಿದು, ಅಡಿಯಲ್ಲಿರುವ ಪುಟ್ಟ ಕ್ಯಾಮೆರಾವನ್ನು ಸೇರುತ್ತದೆ. ಹೀಗೆ ದೊರೆಯುವುದು ಬೆರಳಿನ ಚಪ್ಪಟೆ ಚಿತ್ರ. ಬೆಲೆ ಕಡಿಮೆಯಾದ್ದರಿಂದ ಮಧ್ಯಮ ದರದ ಫೋನುಗಳಲ್ಲಿ ಇದೇ ಹೆಚ್ಚು. ಒದ್ದೆ ಬೆರಳನ್ನು ಗುರುತಿಸಲು ಇದು ತಡವರಿಸುತ್ತದೆ; ಕತ್ತಲೆಯಲ್ಲಿ ಇದರ ಬೆಳಕು ಕಣ್ಣಿಗೆ ಚುಚ್ಚುತ್ತದೆ.

ಅಲ್ಟ್ರಾಸೋನಿಕ್ ಸಂವೇದಕ

ಇಲ್ಲಿ ಬೆಳಕಿನ ಬದಲು ಕಿವಿಗೆ ಕೇಳಿಸದ ಶ್ರವಣಾತೀತ ತರಂಗಗಳು ಕೆಲಸ ಮಾಡುತ್ತವೆ. ಬೆರಳಿನ ಏಣು ಮತ್ತು ತಗ್ಗುಗಳಿಂದ ಅವು ಭಿನ್ನವಾಗಿ ಮರಳುವುದರಿಂದ ಆಳದ ವಿವರವೂ ದೊರೆಯುತ್ತದೆ. ಆದ್ದರಿಂದ ಚಪ್ಪಟೆ ಚಿತ್ರದಿಂದ ಇದನ್ನು ವಂಚಿಸುವುದು ಕಷ್ಟ. ಬೆರಳು ಕೊಂಚ ಒದ್ದೆಯಾಗಿದ್ದರೂ ಕೆಲಸ ನಡೆಯುತ್ತದೆ. 2019ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10ರಲ್ಲಿ ಬಂದ ಕ್ವಾಲ್‌ಕಾಮ್ ಸಂವೇದಕದ ಅಳತೆ ಕೇವಲ 4×9 ಮಿ.ಮೀ.; 2021ರ ಎರಡನೆಯ ಪೀಳಿಗೆಯಲ್ಲಿ ಅದು 8×8 ಮಿ.ಮೀ. ಆಯಿತು, ವೇಗವೂ ಹೆಚ್ಚಿತು. ಬೆಲೆ ಮಾತ್ರ ದುಬಾರಿ.

ರಕ್ಷಾಕವಚದ ಎಚ್ಚರಿಕೆ

ದಪ್ಪ ಸ್ಕ್ರೀನ್ ಗಾರ್ಡ್ ಅಥವಾ ಅದರಡಿ ಉಳಿದ ಗಾಳಿ ಈ ತರಂಗಗಳಿಗೆ ಅಡ್ಡಿಯಾಗುತ್ತದೆ. 2019ರ ಅಕ್ಟೋಬರಿನಲ್ಲಿ, ಕೆಲವು ಸಿಲಿಕಾನ್ ಕವಚಗಳ ಮೇಲಿನ ವಿನ್ಯಾಸವನ್ನೇ ಎಸ್10 ಬೆರಳಚ್ಚೆಂದು ತಿಳಿದು, ಅನ್ಯರ ಬೆರಳಿಗೂ ತೆರೆದುಕೊಂಡಿತು. ಅದೇ ತಿಂಗಳು ಸ್ಯಾಮ್‌ಸಂಗ್ ತಂತ್ರಾಂಶದ ಮೂಲಕ ದೋಷವನ್ನು ಸರಿಪಡಿಸಿತು. ಕವಚ ಬದಲಿಸಿದಾಗ ಹಳೆಯ ಬೆರಳಚ್ಚನ್ನು ಅಳಿಸಿ ಹೊಸದಾಗಿ ನೋಂದಾಯಿಸುವುದು ಕ್ಷೇಮ.

ಆಯ್ಕೆ ಹೇಗೆ?

ಅಡುಗೆಮನೆಯಲ್ಲಿ ಒದ್ದೆ ಕೈಯಿಂದ ಫೋನ್ ಮುಟ್ಟುವವರಿಗೆ ಅಲ್ಟ್ರಾಸೋನಿಕ್ ಅನುಕೂಲ. ಗಾಜಿನ ಗಾರ್ಡ್ ಬೇಕೇಬೇಕು ಎನ್ನುವವರಿಗೆ ಆಪ್ಟಿಕಲ್ ತೊಡಕಿಲ್ಲದ್ದು. ಗಾರ್ಡಿನ ಚಿಂತೆಯೇ ಬೇಡವೆನ್ನುವವರು ಪಕ್ಕದ ಗುಂಡಿಯಲ್ಲಿ ಸಂವೇದಕವಿರುವ ಫೋನನ್ನು ಆರಿಸಬಹುದು. ಹಿರಿಯರಲ್ಲಿ ಬೆರಳಿನ ಗೆರೆಗಳು ಸವೆದಿದ್ದರೆ ಎರಡೂ ಬಗೆಗಳು ಸೋಲಬಹುದು. ಒಂದೇ ಹೆಬ್ಬೆರಳನ್ನು ಎರಡು ಬಾರಿ ನೋಂದಾಯಿಸಿದರೆ ಸಹಾಯವಾದೀತು.

ಮೊಮ್ಮಕ್ಕಳ ಬೆರಳನ್ನೂ ನೋಂದಾಯಿಸಿದಲ್ಲಿ ಬ್ಯಾಂಕಿನ ಆ್ಯಪ್ ಅವರಿಗೂ ತೆರೆದುಕೊಳ್ಳಬಹುದೆಂಬುದನ್ನು ಮರೆಯಬಾರದು. ಸಂವೇದಕ ಯಾವುದೇ ಇರಲಿ, ಬಲವಾದ ಪಿನ್ ಸಂಖ್ಯೆ ಜೊತೆಗಿರಬೇಕು. ಪಿನ್ ಬಯಲಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.